ಹಳದಿ ಬಳಿದ ಎಡಪುಟಗಳು

ನೈರೋಬಿಯ ಪಂಗಾನಿಯಲ್ಲಿ ಮಾಮಾ ಮುತೋನಿ ಎಂಬಾಕೆ ನಡೆಸುತ್ತಿದ್ದ ಗ್ಯಾರೇಜ್ ಮುಚ್ಚಿಹೋಗಲು ಕಾರಣ ನಾನು. ಆಕೆ ನಂಬಿ ಕೊಟ್ಟ ಕೈಬರಹದ ಪುಸ್ತಕವನ್ನೇ ಮುಂದಿಟ್ಟುಕೊಂಡು, ಆಕೆ ಬದುಕು ಕಟ್ಟಿಕೊಂಡಿದ್ದ ಕಾರಿನ ತಯಾರಿಕೆಯನ್ನೇ ನಿಲ್ಲಿಸಬೇಕೆಂದು ವರದಿ ಬರೆದವನು ನಾನು. ಆ ಕಾರು ನಿಲ್ಲುವುದು ಖಾತ್ರಿಯಾದ ಮೇಲೂ, ಆಯುಧಪೂಜೆಯ ದಿನ ಆಕೆಯ ತಲೆಗೆ ಅಕ್ಷತೆ ಹಾಕಿ, ಏನೂ ಆಗುವುದಿಲ್ಲ, ಒಳ್ಳೆಯದಾಗುತ್ತದೆ ಎಂದವನೂ ನಾನೇ. ಐದು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ — ಹೆಂಡತಿಗೂ.

ನೈರೋಬಿಯ ನಮ್ಮ ಕನ್ನಡದವರಿಗೆ ಈ ಕಥೆಯ ಅರ್ಧ ಗೊತ್ತಿದೆ. ಯುಗಾದಿ ಊಟಕ್ಕೋ ರಾಜ್ಯೋತ್ಸವಕ್ಕೋ ಸೇರಿದಾಗ ನಾನೇ ಎಷ್ಟೋ ಸಲ ಹೇಳಿದ್ದೇನೆ. ಕಿಕುಯು ಜನಾಂಗದ ಹೆಂಗಸೊಬ್ಬಳು ಸ್ಪ್ಯಾನರುಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು ಸಾಲಾಗಿ ಜೋಡಿಸಿದಳು, ಜ್ಯಾಕಿಗೆ ಹೂವಿನ ಹಾರ ಹಾಕಿದಳು, ಕುಂಕುಮ ಸಾಲದು ಎಂದು ನನ್ನನ್ನೇ ಗದರಿ ಇನ್ನಷ್ಟು ಇಡಿಸಿದಳು — ನೀವೆಲ್ಲ ನಕ್ಕಿದ್ದೀರಿ. ನಮ್ಮ ಶ್ರೀಧರ ಎಲ್ಲಿಗೆ ಹೋದರೂ ಅಲ್ಲೊಂದು ಹಬ್ಬ ಮಾಡುತ್ತಾನಪ್ಪ ಎಂದು ಬೆನ್ನು ತಟ್ಟಿದ್ದೀರಿ. ನಾನೂ ಬೆನ್ನು ತಟ್ಟಿಸಿಕೊಂಡು ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡಿದ್ದೇನೆ. ಆ ಕಥೆಯಲ್ಲಿ ಆಕೆ ಯಾವಾಗಲೂ 'ಅವಳು'. ಉಳಿದರ್ಧವನ್ನು ಇವತ್ತು ಹೇಳುತ್ತೇನೆ. ಅದರಲ್ಲಿ ನಗುವಂಥದ್ದು ಏನೂ ಇಲ್ಲ, ಮತ್ತು ಇನ್ನು ಮೇಲೆ ಆಕೆಯನ್ನು 'ಅವಳು' ಎನ್ನುವ ಸಲಿಗೆ ನನಗಿಲ್ಲ.

ನಾನು ಮೈಸೂರಿನವನು. ಒಂದು ಕಾರು ಕಂಪನಿಯ ಪೂರ್ವ ಆಫ್ರಿಕಾ ಕಚೇರಿಯಲ್ಲಿ ಸರ್ವೀಸ್ ಮತ್ತು ಬಿಡಿಭಾಗಗಳ ವಿಭಾಗ ನೋಡಿಕೊಳ್ಳುತ್ತೇನೆ. ಕಂಪನಿಯ ಹೆಸರು ಬೇಡ. ಕಚೇರಿ ವೆಸ್ಟ್‌ಲ್ಯಾಂಡ್ಸ್‌ನಲ್ಲಿ, ಮನೆ ಸೌತ್ ಸಿಯಲ್ಲಿ. ನಮ್ಮ ಕಂಪನಿಗೆ ತನ್ನದೇ ಹೆಸರಿನ ದೊಡ್ಡ ಕಾರುಗಳಿದ್ದವು. ಅದರ ಜೊತೆ ನವಿರಾ ಎಂಬ ಸಣ್ಣ ಬ್ರ್ಯಾಂಡೂ ಇತ್ತು. ನವಿರಾ ನಮ್ಮ ಕಂಪನಿ ಹೆತ್ತ ಕೂಸಲ್ಲ, ದತ್ತು ತಂದದ್ದು — ಬೇರೊಂದು ದೇಶದ ಸಣ್ಣ ಕಾರ್ಖಾನೆಯನ್ನು ಕೊಂಡಾಗ ಅದರ ಜೊತೆಗೆ ಬಂದ ಹೆಸರು.

ಮೊದಮೊದಲು ದತ್ತು ಮಗುವಿಗೆ ಎಲ್ಲ ಮುದ್ದೂ ಸಿಕ್ಕಿತು. ಆಮೇಲೆ ಖರ್ಚು ಉಳಿಯಲೆಂದು ದೊಡ್ಡ ಕಾರಿಗೂ ನವಿರಾಕ್ಕೂ ಒಂದೇ ಎಂಜಿನ್ ಹಾಕಿದರು. ತೊಂದರೆ ಶುರುವಾದದ್ದು ಅಲ್ಲಿಂದ. ಅದೇ ಎಂಜಿನ್, ಕಡಿಮೆ ಬೆಲೆ — ಗಿರಾಕಿಗಳೇನು ದಡ್ಡರೇ? ನವಿರಾವನ್ನೇ ಕೇಳತೊಡಗಿದರು. ಸ್ವಂತ ಮಗನ ತಟ್ಟೆಗೆ ದತ್ತು ಮಗ ಕೈ ಹಾಕಿದ ಹಾಗಾಯಿತು. ನವಿರಾದ ಹೊಸ ಮಾದರಿ ಬರುವುದು ನಿಂತಿತು, ಜಾಹೀರಾತು ನಿಂತಿತು. ಬಿಡಿಭಾಗಗಳ ಕಂಟೇನರಿನಲ್ಲಿ ಮೊದಲು ದೊಡ್ಡ ಕಾರಿನ ಸಾಮಾನು, ಜಾಗ ಮಿಕ್ಕರೆ ನವಿರಾದ್ದು. ಗಾಡಿ ಕೆಟ್ಟು ತಿಂಗಳುಗಟ್ಟಲೆ ಒಂದು ರಬ್ಬರ್ ಬುಷ್ ಕೂಡ ಸಿಗದಿದ್ದರೆ ಯಾರು ತಾನೇ ಕೊಳ್ಳುತ್ತಾರೆ? ಮಾರಾಟ ಬಿತ್ತು. ಆಗ ಮೇಲಿನವರು, ನೋಡಿದಿರಾ, ಜನರಿಗೇ ಈ ಕಾರು ಬೇಡ ಎಂದರು. ಬ್ರ್ಯಾಂಡ್ ನಿಲ್ಲಿಸಿದ ಸುದ್ದಿ ಓದುವವರು ಕಾರು ಸೋತಿತು ಎಂದುಕೊಳ್ಳುತ್ತಾರೆ. ಉಪವಾಸ ಕೆಡವಿ, ಆಮೇಲೆ ಬಡಕಲು ಎಂದು ಮನೆಯಿಂದ ಹೊರಗಟ್ಟಿದ್ದು ಒಳಗಿದ್ದವರಿಗೆ ಮಾತ್ರ ಗೊತ್ತಿರುತ್ತದೆ. ಇಲ್ಲಿಗೆ ಬರುವ ಕಂಟೇನರಿನಲ್ಲಿ ಯಾವ ಸಾಮಾನು ಮೊದಲು ಎಂಬ ಪಟ್ಟಿಗೆ ರುಜು ಹಾಕುತ್ತಿದ್ದವನು ನಾನೇ.

ಸಾಮಾನು ಬಾರದ ಆ ಕಾಲದಲ್ಲಿ ನೈರೋಬಿಯ ನವಿರಾಗಳು ಓಡುತ್ತಿದ್ದದ್ದು ಮಾಮಾ ಮುತೋನಿಯವರಿಂದ. ಇಲ್ಲಿ ಮಾಮಾ ಎಂದರೆ ಅಮ್ಮ. ಮುತೋನಿ ಆಕೆಯ ಮಗಳು. ಮಕ್ಕಳ ಹೆಸರು ಸೇರಿಸಿ ದೊಡ್ಡವರನ್ನು ಕರೆಯುವುದು ಇಲ್ಲಿನ ಮರ್ಯಾದೆ, ಅದರಲ್ಲಿ ಸಲಿಗೆಯೂ ಉಂಟು. ಕಚೇರಿಯಲ್ಲಿ ಎಲ್ಲರಿಗೂ ನಾನು ಬ್ವಾನಾ, ಅಂದರೆ ಸಾಹೇಬರು. ಆಕೆಗೆ ಮಾತ್ರ ನಾನು ಬಾಬಾ ಮೇಘ, ಅಂದರೆ ನನ್ನ ಮಗಳು ಮೇಘಳ ಅಪ್ಪ. ಹಾಗೆ ಕರೆಸಿಕೊಂಡಾಗ, ಸುಳ್ಳೇಕೆ, ನಮ್ಮ ಕೇರಿಯಲ್ಲೇ ಇದ್ದಂತೆ ಅನ್ನಿಸುತ್ತಿತ್ತು.

ಗಂಡ ತೀರಿಕೊಂಡ ಮೇಲೆ ಆತನ ಗ್ಯಾರೇಜನ್ನು ಮಾರಬೇಡ, ನಡೆಸು ಎಂದು ಯಾರೂ ಹೇಳಿರಲಿಲ್ಲವಂತೆ. ಆಕೆ ಮಾರಲಿಲ್ಲ. ಪಂಗಾನಿಯ ಒಂದು ಅಡ್ಡರಸ್ತೆಯಲ್ಲಿ ತಗಡಿನ ಸೂರು, ಆರು ಗಾಡಿ ನಿಲ್ಲುವಷ್ಟು ಜಾಗ, ಮೂವರು ಕೆಲಸಗಾರರು. ನೀಲಿ ಮೇಲಂಗಿ ತೊಟ್ಟು, ತಲೆಗೆ ವಸ್ತ್ರ ಬಿಗಿದು, ಎಂಜಿನ್ನಿಗೆ ಕಿವಿಯಿಟ್ಟು ನಿಲ್ಲುತ್ತಿದ್ದರು. ಮಾತು ಕಡಿಮೆ, ಗದರುವುದು ಜಾಸ್ತಿ. ನಮ್ಮ ಕಂಪನಿಯ ವರ್ಕ್‌ಶಾಪಿನಲ್ಲಿ ಸಾಮಾನಿಲ್ಲ ಎಂದು ಕೈಚೆಲ್ಲಿದ ನವಿರಾಗಳೆಲ್ಲ ಕೊನೆಗೆ ಅಲ್ಲಿಗೇ ಹೋಗುತ್ತಿದ್ದವು. ಇದು ಗೊತ್ತಾಗಿ, ಯಾರಪ್ಪ ಈಕೆ ಎಂದು ನೋಡಲು ಒಮ್ಮೆ ಹೋದೆ. ಆಮೇಲೆ ಹೋಗುತ್ತಲೇ ಇದ್ದೆ. ಕೆಲವು ಶನಿವಾರ ಮೇಘಳೂ ಬರುತ್ತಿದ್ದಳು. ಅವಳಿಗಾಗಿ ಒಂದು ಡಬ್ಬಿಯಲ್ಲಿ ಮಂಡಾಜಿ — ನಮ್ಮ ಮಂಗಳೂರು ಬನ್ಸಿನಂಥ ಕರಿದ ತಿಂಡಿ — ಕಾದಿರುತ್ತಿತ್ತು.

ಮೊದಲ ವರ್ಷ ದಸರೆಗೆ, ನಮ್ಮಲ್ಲಿ ಇವತ್ತು ಆಯುಧಪೂಜೆ, ಉಪಕರಣಗಳಿಗೆ ವಿಶ್ರಾಂತಿ ಎಂದು ಬಾಯಿಮಾತಿಗೆ ಹೇಳಿದೆ. ಆಕೆ ಚರ್ಚಿಗೆ ತಪ್ಪದೆ ಹೋಗುವವರು. ಆದರೂ ಸ್ವಲ್ಪ ಯೋಚಿಸಿ, ವರ್ಷವಿಡೀ ಅನ್ನ ಕೊಟ್ಟ ಸ್ಪ್ಯಾನರಿಗೆ ಒಂದು ದಿನ ಅಸಾಂಟೆ ಹೇಳುವುದರಲ್ಲಿ ತಪ್ಪೇನಿದೆ ಎಂದರು. ಅಸಾಂಟೆ ಎಂದರೆ ಧನ್ಯವಾದ. ಅವತ್ತಿನಿಂದ ವರ್ಷವರ್ಷ ನಾನು ಕುಂಕುಮ, ನಿಂಬೆಹಣ್ಣು, ಕುಂಬಳಕಾಯಿ ಹೊತ್ತು ಪಂಗಾನಿಗೆ ಹೋಗುವುದು ರೂಢಿಯಾಯಿತು. ನೀವು ನಕ್ಕ ಕಥೆ ಇದು.

ಇನ್ನು ಆ ಪುಸ್ತಕ.

ಉದ್ದನೆಯ, ಗಟ್ಟಿ ರಟ್ಟಿನ ಲೆಕ್ಕದ ಪುಸ್ತಕದಂಥದ್ದು. ಆಕೆ ಅದನ್ನು ದಫ್ತರಿ ಎನ್ನುತ್ತಿದ್ದರು, ನಮ್ಮ ದಫ್ತರವೇ. ಗ್ಯಾರೇಜಿಗೆ ಬಂದ ಒಂದೊಂದು ನವಿರಾದ ರೋಗವೂ ಅದರಲ್ಲಿತ್ತು. ಪುಸ್ತಕ ಬಿಡಿಸಿದರೆ ಎಡಪುಟದ ಮೇಲೆ 'ಶಿದಾ' ಎಂದು ಬರೆದು ಕೆಳಗೆ ಗೆರೆ. ಅಂದರೆ ತೊಂದರೆ. ಬಲಪುಟದ ಮೇಲೆ 'ದವಾ' — ನಮ್ಮ ದವಾಖಾನೆಯ ದವಾ, ಮದ್ದು. ಧೂಳಿಗೆ ರಿಲೇ ಕೆಟ್ಟು ಕೂಲಿಂಗ್ ಫ್ಯಾನ್ ನಿಲ್ಲುತ್ತದೆ ಎಂದು ಎಡಕ್ಕಿದ್ದರೆ, ರಿಲೇಯನ್ನು ಬ್ಯಾಟರಿಯ ಪಕ್ಕಕ್ಕೆ ತಂದು ರಬ್ಬರ್ ಹೊದಿಸಿದೆ, ಮತ್ತೆ ಕೆಟ್ಟಿಲ್ಲ ಎಂದು ಬಲಕ್ಕೆ. ಮುಂದಿನ ಬುಷ್ ಬೇಗ ಸವೆಯುತ್ತದೆ — ಜನ ಸಾಗಿಸುವ ಮಟಾಟು ವ್ಯಾನಿನ ಬುಷ್ ತಂದು ಲೇತಿನಲ್ಲಿ ಕಡೆಸಿ ಹಾಕಿದೆ, ಕಂಪನಿಯದಕ್ಕಿಂತ ಹೆಚ್ಚು ಬಾಳುತ್ತಿದೆ. ಇಂಗ್ಲಿಷು ಸ್ವಾಹಿಲಿ ಬೆರೆಸಿದ ಬರಹ, ಪಕ್ಕದಲ್ಲಿ ಪೆನ್ಸಿಲಿನ ಚಿತ್ರ, ಅಲ್ಲಲ್ಲಿ ಆಯಿಲಿನ ಹೆಬ್ಬೆರಳ ಗುರುತು. ಮದ್ದಿಲ್ಲದೆ ಖಾಲಿ ಬಿಟ್ಟ ಬಲಪುಟ ಒಂದೋ ಎರಡೋ ಇದ್ದಿರಬೇಕು, ಅಷ್ಟೇ.

ಐದು ವರ್ಷದ ಹಿಂದೆ, ವರ್ಷದ ನಡುವಿನಲ್ಲಿ, ಮುಖ್ಯ ಕಚೇರಿಯಿಂದ ಪತ್ರ ಬಂತು. ನವಿರಾವನ್ನು ಉಳಿಸಬೇಕೋ ಬಿಡಬೇಕೋ, ಪ್ರತಿ ಪ್ರದೇಶವೂ ತನ್ನ ಅನುಭವ ಬರೆದು ಕಳಿಸಲಿ. ಮರುದಿನ ನನ್ನ ಮೇಲಧಿಕಾರಿಯ ಫೋನು. ಉದ್ದದ ವರದಿ ಬೇಡ, ಸ್ಪಷ್ಟವಾದ ವರದಿ ಬೇಕು ಎಂದರು. ಸ್ಪಷ್ಟ ಎಂದರೆ ಏನು ಎಂದು ನಾನು ಕೇಳಲಿಲ್ಲ. ನವಿರಾ ಹೋದರೆ ಇಲ್ಲಿನ ಕಚೇರಿ ದೊಡ್ಡ ಕಾರಿಗೆ ಪೂರ್ತಿ ತಿರುಗುತ್ತದೆ, ಅದಕ್ಕೊಬ್ಬ ಮುಖ್ಯಸ್ಥ ಬೇಕಾಗುತ್ತದೆ ಎಂದೂ ಮಾತಿನ ನಡುವೆ ಹೇಳಿದರು. ನಾನು ಹ್ಞೂಂ ಎಂದೆ. ಆ ಹ್ಞೂಂ ಈಗಲೂ ನನ್ನ ಕಿವಿಯಲ್ಲಿದೆ.

ಪಂಗಾನಿಗೆ ಹೋಗಿ ಆಕೆಯ ದಫ್ತರಿ ಕೇಳಿದೆ. ಕಂಪನಿಯವರಿಗೆ ನವಿರಾದ ಬಗ್ಗೆ ಬರೆಯಬೇಕಾಗಿದೆ ಎಂದೆ — ಅದು ನಿಜವೇ. ಆಕೆ ಕೈ ಒರೆಸಿಕೊಂಡು ಒಳಗಿನಿಂದ ತಂದು, ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೊಟ್ಟರು. ಕಾರು ಮಾಡಿದವರೇ ತನ್ನ ಬರಹ ಓದುತ್ತಾರೆಂದು ಮುಖವೆಲ್ಲ ಅರಳಿತ್ತು. ಕಣ್ಣಲ್ಲಿ ಅಂಥ ಖುಷಿ ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅಕ್ಷರ ಚೆನ್ನಾಗಿಲ್ಲ, ಅರ್ಥವಾಗದಿದ್ದರೆ ಫೋನ್ ಮಾಡಿ ಎಂದು ಎರಡೆರಡು ಸಲ ಹೇಳಿದರು. ನಾನು ಫೋನ್ ಮಾಡಬೇಕಾಗಿ ಬರಲಿಲ್ಲ. ಎಲ್ಲ ಸರಿಯಾಗಿಯೇ ಅರ್ಥವಾಯಿತು.

ಮನೆಯ ಊಟದ ಮೇಜಿನ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ಹಳದಿ ಮಾರ್ಕರ್ ಪೆನ್ನು ಹಿಡಿದು ಕುಳಿತೆ. ಎಡಪುಟಗಳಿಗೆ ಹಳದಿ ಬಳಿಯುತ್ತ ಹೋದೆ. ಫ್ಯಾನ್ ನಿಲ್ಲುತ್ತದೆ — ಹಳದಿ. ಬುಷ್ ಸವೆಯುತ್ತದೆ — ಹಳದಿ. ಹಿಂದಿನ ಬಾಗಿಲು ಧೂಳಿಗೆ ಸಿಕ್ಕಿಕೊಳ್ಳುತ್ತದೆ — ಹಳದಿ. ಬಲಪುಟ ಕಣ್ಣಿಗೆ ಬೀಳಲಿಲ್ಲವೇ? ಬಿತ್ತು. ಒಂದೊಂದನ್ನೂ ಓದಿದೆ. ಭಲೇ, ಎಂಥ ತಲೆ ಈಕೆಯದು ಎಂದು ಮೆಚ್ಚಿಯೂ ಮೆಚ್ಚಿದೆ. ಮೆಚ್ಚುತ್ತಲೇ ಮುಂದಿನ ಎಡಪುಟಕ್ಕೆ ಹೋದೆ. ಹೆಂಡತಿ ಗೀತಾ ಕಾಫಿ ತಂದಿಟ್ಟು, ಹಬ್ಬದ ಲೆಕ್ಕ ಬರೆದ ಹಾಗೆ ಬರೀತಿದೀರಲ್ಲ ಎಂದು ಛೇಡಿಸಿ ಹೋದಳು.

ವರದಿ ಎರಡೇ ಪುಟ. ಈ ಮಣ್ಣಿನ, ಈ ಧೂಳಿನ ರಸ್ತೆಗಳಿಗಾಗಿಯೇ ಮಾಡಿದ ಕಾರು ಈ ರಸ್ತೆಗಳಲ್ಲಿಯೇ ಸೋತಿದೆ ಎಂದು ಬರೆದೆ. ಕೆಳಗೆ ದೋಷಗಳ ಪಟ್ಟಿ — ಸ್ವತಂತ್ರ ಮೆಕ್ಯಾನಿಕ್ ಒಬ್ಬರ ದಾಖಲೆಯಿಂದ ಎಂಬ ಗೌರವದ ಮಾತು ಬೇರೆ. ಸಾಮಾನು ನಾವು ಕಳಿಸಲಿಲ್ಲ ಎಂದು ಬರೆಯಲಿಲ್ಲ. ಬರೆದರೆ ನನ್ನ ರುಜು ಎದುರು ಬರುತ್ತಿತ್ತು. ಪಂಗಾನಿಯ ತಗಡಿನ ಸೂರಿನ ಕೆಳಗೆ ಈ ದೋಷಗಳೆಲ್ಲ ವಾಸಿಯಾಗಿವೆ ಎಂದೂ ಬರೆಯಲಿಲ್ಲ.

ನೈರೋಬಿಯ ಎರಡು ಪುಟದಿಂದ ಒಂದು ಬ್ರ್ಯಾಂಡ್ ಸಾಯುತ್ತದೆಯೇ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ, ಎಷ್ಟೋ ಸಲ, ಮೊಂಬಾಸಾ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು. ಅವರು ಮೊದಲೇ ತೀರ್ಮಾನಿಸಿದ್ದರೇನೋ, ನಾನು ಬರೆಯದಿದ್ದರೆ ಇನ್ನೊಬ್ಬ ಬರೆಯುತ್ತಿದ್ದನೇನೋ... ಇರಬಹುದು. ಆದರೆ ತೀರ್ಮಾನದ ದಿನ ಎಲ್ಲ ಕಚೇರಿಗಳೂ ಸೇರಿದ ವಿಡಿಯೊ ಸಭೆಯಲ್ಲಿ, ಪರದೆಯ ಮೇಲೆ ಹಾಕಿ ಓದಿದ್ದು ನನ್ನ ಸಾಲನ್ನೇ. ಈ ರಸ್ತೆಗಳಲ್ಲಿಯೇ ಸೋತಿದೆ. ಯಾರೋ, ವೆಲ್ ಪುಟ್ ಎಂದರು. ನನಗೆ ಹೆಮ್ಮೆಯಾಯಿತು. ಹೌದು, ಆಯಿತು. ಅದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದರೆ ಈ ನಿವೇದನೆಯೂ ಇನ್ನೊಂದು ವರದಿಯಾಗುತ್ತದೆ.

ತೀರ್ಮಾನವಾದದ್ದು ದಸರೆಗೆ ಎರಡು ವಾರ ಮೊದಲು. ಹೊಸ ವರ್ಷದಲ್ಲಿ ಕಂಪನಿ ತಾನೇ ಪ್ರಕಟಿಸುವವರೆಗೆ ಯಾರೂ ಬಾಯಿ ಬಿಡಬಾರದೆಂದು ಕಟ್ಟಪ್ಪಣೆ. ಆಯುಧಪೂಜೆಯ ದಿನ ಕುಂಬಳಕಾಯಿ ಹಿಡಿದು ಪಂಗಾನಿಗೆ ಹೋಗದೇ ಇರಬಹುದಿತ್ತು. ಹೋಗದಿದ್ದರೆ ಅನುಮಾನ ಬರುತ್ತದೆ ಎಂದುಕೊಂಡೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರೂ ಏನೂ ಕೇಳುವ ಮೊದಲೇ ನಾನು ಹೆಗಲು ಒರೆಸಿಕೊಳ್ಳುತ್ತಿದ್ದೆ.

ಆಕೆ ಎಂದಿನಂತೆ ಎಲ್ಲ ತೊಳೆದು ಜೋಡಿಸಿದ್ದರು. ದಫ್ತರಿ ತಂದಿರಾ ಎಂದು ಕೇಳಿದರು. ನಮ್ಮಲ್ಲಿ ಪುಸ್ತಕಗಳನ್ನೂ ಪೂಜೆಗೆ ಇಡುತ್ತೇವೆಂದು ಹಿಂದೆ ನಾನೇ ಹೇಳಿದ್ದೆ, ನೆನಪಿಟ್ಟಿದ್ದರು. ಕಾರಿನಲ್ಲಿತ್ತು. ತಂದು ಸ್ಪ್ಯಾನರುಗಳ ಪಕ್ಕ ಇಟ್ಟೆ, ರಟ್ಟಿನ ಮೇಲೆ ಕುಂಕುಮ ಹಚ್ಚಿದೆ. ಆಕೆ ಅದನ್ನು ತೆರೆದು ನೋಡಿದ್ದರೆ? ನೋಡಲಿಲ್ಲ. ಪೂಜೆಗಿಟ್ಟದ್ದನ್ನು ಮುಟ್ಟಬಾರದು ಎಂಬುದನ್ನೂ ನಾನೇ ಕಲಿಸಿದ್ದೆ. ಹೊರಡುವಾಗ, ಕಂಪನಿಯ ಕೆಲಸ ಇನ್ನೂ ಮುಗಿದಿಲ್ಲ ಎಂದು ಅದನ್ನು ಮತ್ತೆ ನನ್ನ ಕಾರಿಗೇ ಹಾಕಿಕೊಂಡೆ.

ಮಂಗಳಾರತಿ ಆಯಿತು. ಮೂವರು ಕೆಲಸಗಾರರೂ ಬೆಂಕಿಗೆ ಕೈಯೊಡ್ಡಿ ಕಣ್ಣಿಗೊತ್ತಿಕೊಂಡರು. ಆಗ ಆಕೆ ನನ್ನನ್ನು ಪಕ್ಕಕ್ಕೆ ಕರೆದು ವಿಷಯ ಹೇಳಿದರು. ದೊಡ್ಡ ಟ್ಯಾಕ್ಸಿ ಮಾಲೀಕರೊಬ್ಬರು ತಮ್ಮ ಗಾಡಿಗಳನ್ನೆಲ್ಲ ಆಕೆಯ ಗ್ಯಾರೇಜಿಗೇ ವಹಿಸಲು ಸಿದ್ಧರಿದ್ದರು. ಬೇರೆ ಕಂಪನಿಯ ಗಾಡಿಗಳು. ಆದರೆ ಆರೂ ಜಾಗ ಅವರಿಗೇ ಬೇಕು; ನವಿರಾ ಕೆಲಸ ಬಿಡಬೇಕು.

"ಬಾಬಾ ಮೇಘ, ಸೋಮವಾರ ಅವರಿಗೆ ಉತ್ತರ ಕೊಡಬೇಕು. ನೀವು ಹೇಳಿ. ನಿಮ್ಮ ಕಂಪನಿ ನವಿರಾನ ಕೈಬಿಡಲ್ಲ ತಾನೇ?"

ನಮ್ಮ ಅಮ್ಮ ಹಬ್ಬದ ದಿನ ಯಾವುದಕ್ಕೂ ಇಲ್ಲ ಎನ್ನಲು ಬಿಡುತ್ತಿರಲಿಲ್ಲ. ಡಬ್ಬಿ ಬರಿದಾದರೆ ಅಕ್ಕಿ ತುಂಬಿದೆ ಎನ್ನಬೇಕು, ದೀಪ ಆರಿಸು ಎನ್ನಬಾರದು, ಹೋಗುತ್ತೇನೆ ಎನ್ನಬಾರದು. ನಮ್ಮ ಎಲ್ಲರ ಮನೆಯಲ್ಲೂ ಇದೇ. ಇಷ್ಟು ವರ್ಷ ಒಳಗೊಳಗೇ ನನಗೆ ನಾನು ಹೇಳಿಕೊಂಡ ಸಮಾಧಾನವೂ ಇದೇ: ಹಬ್ಬದ ದಿನ, ಆರತಿ ಇನ್ನೂ ಉರಿಯುತ್ತಿದ್ದಾಗ, ಅಶುಭ ಹೇಗೆ ಆಡಲಿ? ಎಂಥ ಸುಳ್ಳು! ಅಶುಭ ಆಡದೆಯೂ ದಾರಿ ಇತ್ತು. ಟ್ಯಾಕ್ಸಿಯವರ ಕೆಲಸ ಹಿಡಿಯಿರಿ, ಅದೂ ಒಳ್ಳೆಯದೇ ಎನ್ನಬಹುದಿತ್ತು. ಕಂಪನಿಯ ಗುಟ್ಟೂ ಉಳಿಯುತ್ತಿತ್ತು, ಹಬ್ಬವೂ ಉಳಿಯುತ್ತಿತ್ತು. ಆದರೆ ಹಾಗೆಂದರೆ, ಯಾಕೆ ಎಂದು ಆಕೆ ಒಂದು ಕ್ಷಣ ನನ್ನ ಮುಖ ನೋಡುತ್ತಿದ್ದರು. ಆ ಒಂದು ನೋಟ ತಪ್ಪಿಸಿಕೊಳ್ಳಲು ನಾನು ಆಕೆಯ ಗ್ಯಾರೇಜನ್ನೇ ಬಲಿ ಕೊಟ್ಟುಬಿಟ್ಟೆ.

"ಬಿಡಲ್ಲ," ಎಂದೆ. "ಇತಕುವಾ ಸವಾ." ಎಲ್ಲ ಸರಿಹೋಗುತ್ತದೆ.

ಹೇಳಿ, ತಟ್ಟೆಯಲ್ಲಿದ್ದ ಅಕ್ಷತೆ ತೆಗೆದು ಆಕೆಯ ತಲೆಯ ಮೇಲೆ ಹಾಕಿದೆ. ಆಕೆ ಕಣ್ಣು ಮುಚ್ಚಿ, ತಲೆ ಬಾಗಿಸಿ, ಆಮೆನ್ ಎಂದರು. ಕೆಲಸಗಾರರೂ ಆಮೆನ್ ಎಂದರು. ನಮಗೆ ಒಳ್ಳೆಯದಾಗಲಿ ಎನ್ನುವುದು ಬಾಯಿಯ ರೂಢಿ. ಆಕೆಗೆ ಆಮೆನ್ ಎಂದ ಮೇಲೆ ಅದು ದೇವರ ಮುಂದೆ ಕೊಟ್ಟ ಮಾತು. ಇಷ್ಟು ವರ್ಷ ಇಲ್ಲಿದ್ದು ನನಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು.

ಸೋಮವಾರ ಆಕೆ ಟ್ಯಾಕ್ಸಿಯವರಿಗೆ ಬೇಡ ಎಂದರು. ಸೂರಿನ ಮುಂದೆ ಹೊಸ ಬೋರ್ಡು ಬರೆಸಿದರು: ನವಿರಾ ಸ್ಪೆಷಲಿಸ್ಟ್. ಬಣ್ಣ ಒಣಗುವ ಮೊದಲೇ ನನಗೆ ಫೋಟೊ ಕಳಿಸಿದರು. ನಾನು ಹೆಬ್ಬೆರಳೆತ್ತಿದ ಚಿತ್ರವೊಂದನ್ನು ಉತ್ತರವಾಗಿ ಕಳಿಸಿದೆ.

ಹೊಸ ವರ್ಷ ಬಂತು. ಕಂಪನಿ ಪ್ರಕಟಿಸಿತು. ನವಿರಾ ಇನ್ನಿಲ್ಲ, ಬಿಡಿಭಾಗಗಳು ದಾಸ್ತಾನು ಇರುವವರೆಗೆ. ಅವತ್ತು ನಾನು ಫೋನ್ ಆರಿಸಿಟ್ಟೆ. ಮರುದಿನ ಶನಿವಾರ ಬೆಳಿಗ್ಗೆ ಮನೆಯ ಗೇಟಿನ ಕಾವಲುಗಾರ, ಯಾರೋ ಮಾಮಾ ಬಂದಿದ್ದಾರೆ ಎಂದ. ಕೇಳಲಿ, ಬೈಯಲಿ, ಕಾಲರ್ ಹಿಡಿಯಲಿ — ಎಲ್ಲಕ್ಕೂ ಸಿದ್ಧನಾಗಿ ಕೆಳಗಿಳಿದೆ.

ಆಕೆ ಒಂದು ಫ್ಲಾಸ್ಕಿನಲ್ಲಿ ಚಹಾ, ಡಬ್ಬಿಯಲ್ಲಿ ಮಂಡಾಜಿ ತಂದಿದ್ದರು. ನನಗೆ ಸಾಂತ್ವನ ಹೇಳಲು ಬಂದಿದ್ದರು! ಪಂಗಾನಿಯಿಂದ ಎರಡು ಮಟಾಟು ಬದಲಿಸಿ, ಸಾವಿನ ಮನೆಗೆ ಬರುವಂತೆ.

"ಪೋಲೆ, ಬಾಬಾ ಮೇಘ," ಎಂದರು. ಪೋಲೆ ಎಂದರೆ ನಿಮ್ಮ ದುಃಖ ನನ್ನದೂ ಹೌದು ಎಂಬ ಮಾತು. "ನಿಮ್ಮ ಕಂಪನಿ ನಿಮಗೂ ಸುಳ್ಳು ಹೇಳಿತಲ್ಲ."

ಅಯ್ಯೋ ದೇವರೇ, ಆಗಲೂ ನಾನು ಬಾಯಿ ಬಿಡಲಿಲ್ಲ. ಗೀತಾ ಲೋಟ ತಂದಳು. ನಾವು ಮೂವರೂ ಕುಳಿತು ಆ ಚಹಾ ಕುಡಿದೆವು. ಹೊರಡುವಾಗ ದಫ್ತರಿ ಕೊಡಲೇ ಎಂದು ಕೇಳಿದೆ — ಕೊಡುವ ಧೈರ್ಯವಿಲ್ಲದೆ, ಬೇಡ ಎನ್ನಲಿ ಎಂದು ಹಾರೈಸುತ್ತ. ಇಟ್ಟುಕೊಳ್ಳಿ, ಮುಂದೆ ಎಂದಾದರೂ ಇಂಥ ಕಾರು ಮಾಡುವ ಬುದ್ಧಿ ಅವರಿಗೆ ಬಂದರೆ ಉಪಯೋಗಕ್ಕೆ ಬರುತ್ತದೆ ಎಂದರು. ನನ್ನ ಹಾರೈಕೆ ಫಲಿಸಿತು.

ಗ್ಯಾರೇಜ್ ಒಂದೇ ದಿನ ಮುಚ್ಚಲಿಲ್ಲ. ನವಿರಾ ಇದ್ದವರು ಸಿಕ್ಕ ಬೆಲೆಗೆ ಮಾರಿಕೊಂಡರು. ಟ್ಯಾಕ್ಸಿಯವರು ಬೇರೆ ಕಡೆ ಹೋಗಿಯಾಗಿತ್ತು. ಕೆಲಸಗಾರರು ಒಬ್ಬೊಬ್ಬರಾಗಿ ಬಿಟ್ಟರು. ಎರಡನೇ ವರ್ಷ ಅರ್ಧ ಜಾಗ ಕಾರು ತೊಳೆಯುವವರಿಗೆ ಹೋಯಿತು, ಆಮೇಲೆ ಪೂರ್ತಿ. ಈಗ ಆಕೆ ಅದೇ ಪಂಗಾನಿಯಲ್ಲಿ ಇನ್ನೊಬ್ಬರ ಗ್ಯಾರೇಜಿನಲ್ಲಿ ದುಡಿಯುತ್ತಾರೆ. ತಮ್ಮ ಅರ್ಧ ವಯಸ್ಸಿನ ಮಾಲೀಕನ ಮಾತು ಕೇಳಿಕೊಂಡು. ನನಗೆ ಆ ಮುಖ್ಯಸ್ಥನ ಹುದ್ದೆ ಸಿಕ್ಕಿತು. ದಸರೆಗೆ ಪಂಗಾನಿಗೆ ಹೋಗುವುದು ನಿಂತಿತು. ಕಥೆ ಹೇಳುವುದು ಮಾತ್ರ ನಿಲ್ಲಲಿಲ್ಲ.

ಹೋದ ತಿಂಗಳು ಮೇಘ ಡ್ರೈವಿಂಗ್ ಕಲಿಯಲು ಶುರುಮಾಡಿದಳು. ಎಂಜಿನ್ ಬಗ್ಗೆ ಓದಬೇಕೆಂದು ಕಪಾಟು ತಡಕಿ, ಕುಂಕುಮ ಮೆತ್ತಿದ ರಟ್ಟಿನ ದಫ್ತರಿ ಎಳೆದಳು. ಅವಳಿಗೆ ಸ್ವಾಹಿಲಿ ನೀರು ಕುಡಿದ ಹಾಗೆ. ಸೋಫಾದ ಮೇಲೆ ಕಾಲು ಮಡಿಸಿ ಒಂದು ಗಂಟೆ ಓದಿದಳು. ಆಮೇಲೆ ನನ್ನ ಕಡೆ ತಿರುಗಿದಳು. ನಮ್ಮ ಮಾತೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಅವಳದು ಯಾವಾಗಲೂ ಇಂಗ್ಲಿಷು.

"ಅಪ್ಪ, ವೈ ಓನ್ಲಿ ದ ಲೆಫ್ಟ್ ಸೈಡ್?"

ಏನೋ ಒಂದು ಹೇಳಬಹುದಿತ್ತು. ಆಫೀಸು ಕೆಲಸ ಎನ್ನಬಹುದಿತ್ತು. ಅವಳು ಪುಟ ತಿರುಗಿಸುತ್ತಲೇ ಇದ್ದಳು — ಹಳದಿ, ಬಿಳಿ, ಹಳದಿ, ಬಿಳಿ. ಮಂಡಾಜಿ ತಿಂದು ಬೆಳೆದ ಮಗು. ನನಗೆ ಅಳು ಬಂತು. ಗೀತಾಳನ್ನೂ ಕರೆದು, ಇಬ್ಬರನ್ನೂ ಕೂರಿಸಿ, ನಿಮಗೆ ಈಗ ಹೇಳಿದ್ದೆಲ್ಲ ಹೇಳಿದೆ. ಮೇಘ ಪುಸ್ತಕ ಮುಚ್ಚಿ ಎದೆಗವಚಿಕೊಂಡಳು. ಗೀತಾ ಒಂದೇ ಮಾತು ಕೇಳಿದಳು.

"ಅವತ್ತು ಆ ಚಹಾ ನಿಮ್ಮ ಗಂಟಲಲ್ಲಿ ಹೇಗ್ರೀ ಇಳೀತು?"

ಇಳಿಯಿತು. ಇನ್ನರ್ಧ ಲೋಟ ಹಾಕಿಸಿಕೊಂಡೆ ಕೂಡ.

ಕಳೆದ ಶನಿವಾರ ಪಂಗಾನಿಗೆ ಹೋದೆ. ಹೂವಿಲ್ಲ, ಹಣ್ಣಿಲ್ಲ, ದಫ್ತರಿ ಮಾತ್ರ. ಮೇಘ ತಾನೂ ಬರುತ್ತೇನೆಂದಳು, ಆದರೆ ಕಾರಿನಲ್ಲೇ ಕುಳಿತಳು. ಆಕೆ ಒಂದು ವ್ಯಾನಿನ ಕೆಳಗಿದ್ದರು. ನನ್ನನ್ನು ಕಂಡು ಈಚೆ ಬಂದು, ಬಾಬಾ ಮೇಘ, ಬಡಕಲಾಗಿದ್ದೀರಿ ಎಂದು ಎಂದಿನಂತೆ ಗದರಿದರು. ತಲೆಯ ವಸ್ತ್ರದ ಕೆಳಗೆ ಕೂದಲು ಪೂರ್ತಿ ಬೆಳ್ಳಗಾಗಿತ್ತು.

ನಾನು ನಿಂತೇ ಹೇಳಿದೆ. ವರದಿ ಬರೆದದ್ದು, ಏನು ಬರೆದೆ ಎಂಬುದು, ಪೂಜೆಯ ದಿನ ನನಗೆ ಎಲ್ಲ ಗೊತ್ತಿದ್ದದ್ದು. ಮೊದಲೇ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದ ಇಂಗ್ಲಿಷ್ ವಾಕ್ಯಗಳೆಲ್ಲ ತುಂಡುತುಂಡಾಗಿ ಬಂದವು. ಆಮೇಲೆ ಪುಸ್ತಕ ಕೊಟ್ಟೆ. ಆಕೆ ಕೈ ಒರೆಸಿಕೊಂಡು ತೆರೆದರು. ಮೊದಲ ಪುಟ, ಮುಂದಿನದು, ಅದರ ಮುಂದಿನದು. ಅವಸರವಿಲ್ಲದೆ ಕೊನೆಯವರೆಗೂ ನೋಡಿದರು. ವ್ಯಾನಿನ ಮಾಲೀಕ ಹಾರ್ನ್ ಹೊಡೆದ, ಆಕೆ ಲಕ್ಷಿಸಲಿಲ್ಲ.

"ಬಲಗಡೆ ಬರೆದದ್ದು ಓದಿದ್ರಾ?" ಎಂದು ಕೇಳಿದರು.

ಓದಿರಲಿಲ್ಲ ಎಂದಿದ್ದರೆ ಆಕೆಗೆ ಎಷ್ಟೋ ಹಗುರವಾಗುತ್ತಿತ್ತೋ ಏನೋ. ಅಕ್ಷರ ಚೆನ್ನಾಗಿರಲಿಲ್ಲ, ಅದಕ್ಕೇ ಓದಲಿಲ್ಲ ಎಂದು ತಿಳಿದುಕೊಳ್ಳುತ್ತಿದ್ದರು. ನನಗೂ...

"ಓದಿದ್ದೆ," ಎಂದೆ. "ಎಲ್ಲಾನೂ."

ಆಕೆ ತಲೆಯಾಡಿಸಿದರು. ಬೈಯಲಿಲ್ಲ, ಅಳಲಿಲ್ಲ. ಪೋಲೆ ಎನ್ನಲಿಲ್ಲ. ಪುಸ್ತಕವನ್ನು ಉಪಕರಣಗಳ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು. ಗೇಟಿನವರೆಗೆ ನನ್ನ ಜೊತೆ ನಡೆದು ಬಂದರು. ಬಂದವರನ್ನು ಹಾಗೆ ಕಳಿಸಿಕೊಡುವುದು ಇಲ್ಲಿನ ಪದ್ಧತಿ, ಯಾರೇ ಆಗಲಿ. ಗೇಟು ತೆರೆದು ಪಕ್ಕಕ್ಕೆ ಸರಿದರು.

"ಸವಾ, ಬ್ವಾನಾ," ಎಂದರು. ಸರಿ, ಸಾಹೇಬರೇ.

ಕಾರಿನಲ್ಲಿ ಮೇಘ ಕಾದಿದ್ದಳು. ಏನೆಂದರು ಎಂದು ಕೇಳಿದಳು. ಆಕೆ ನನ್ನನ್ನು ಏನೆಂದು ಕರೆದರೋ ಅದನ್ನು ಹೇಳಿದೆ.